ವಾಲಿದ ಹನ್ನೊಂದು ಕುದುರೆಗಳು: ಒಂದು ಎರಕದ ಪ್ರಕರಣ

ಏಪ್ರಿಲ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಷೆಡ್ಡಿನ ಬೀಗ ತೆಗೆದಾಗ, ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿದ್ದ ಹನ್ನೊಂದು ಮಾದರಿ ಕುದುರೆಗಳಲ್ಲಿ ನಾಲ್ಕು ಮಗ್ಗುಲಾಗಿ ಬಿದ್ದಿದ್ದವು. ಒಂದರ ಕಿವಿ ಮುರಿದು ನೆಲಕ್ಕೆ ಉರುಳಿತ್ತು. ಉಳಿದ ಏಳು ನಿಂತೇ ಇದ್ದವು, ಆದರೆ ಎಲ್ಲವೂ ಎಡಕ್ಕೆ, ಒಬ್ಬರೇ ಕರೆದಂತೆ ಒಂದೇ ದಿಕ್ಕಿಗೆ ವಾಲಿದ್ದವು. ಶನಿವಾರ ಸಂಜೆ ಬೀಗ ಹಾಕುವಾಗ ಹನ್ನೊಂದೂ ನೆಟ್ಟಗಿದ್ದವು. ಮೊದಲು ಇಲಿಯ ಕೆಲಸ ಎಂದುಕೊಂಡೆ. ಆದರೆ ಇಲಿ ಬೀಳಿಸಬಹುದೇ ಹೊರತು ಬಗ್ಗಿಸಲಾರದು. ಬಿದ್ದ ಒಂದನ್ನು ಎತ್ತಿ ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದೆ. ಬಲ ಮುಂಗಾಲು ಮೊಣಕಾಲಿನಿಂದ ಕೆಳಗೆ ಬಿಲ್ಲಿನಂತೆ ಬಾಗಿತ್ತು.

ಆ ಬಾಗಿದ ಕಾಲಿನ ಕಾರಣ ಹುಡುಕಲು ನಮಗೆ ಎರಡು ವಾರ ಹಿಡಿಯಿತು, ಸರಿಪಡಿಸಲು ಮೂರು ತಿಂಗಳು. ಈ ಕೆಲಸಕ್ಕೆ ಕೈ ಹಾಕುವ ಬೇರೆಯವರಿಗೆ ಉಪಯೋಗವಾಗಬಹುದು ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ. ನಮ್ಮ ಪೆದ್ದುತನಗಳನ್ನೂ ಬಿಟ್ಟಿಲ್ಲ.

ನಾನು ದಾವಣಗೆರೆಯಲ್ಲಿ ಅಚ್ಚು ತೆಗೆಯುವ, ಫೈಬರ್ ಕೆಲಸ ಮಾಡುವ ಮನುಷ್ಯ. ಉದ್ಯಾನದ ಜಿಂಕೆ, ಶಾಲೆಯ ಬಾಗಿಲಿನ ಸರಸ್ವತಿ, ಮದುವೆ ಮಂಟಪದ ಕಂಬ, ಹೀಗೆ ಬಂದದ್ದೆಲ್ಲ ನನ್ನ ಕೆಲಸ. ಶಿಲ್ಪ ನನ್ನದಲ್ಲ, ಅಕ್ಕನ ಮಗನದು. ಅವನು ಇಲ್ಲಿಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದಿದವನು. ಮಣ್ಣಿನಲ್ಲಿ ಅವನ ಕೈ ಓಡುವುದನ್ನು ನೋಡುತ್ತಾ ನಾನು ಎಷ್ಟೋ ಸಲ ನನ್ನ ಕೆಲಸ ಮರೆತು ನಿಂತಿದ್ದೇನೆ. ಮಣ್ಣು ಅವನದು, ಅಚ್ಚು ಮತ್ತು ಎರಕ ನನ್ನದು ಎಂಬುದು ನಮ್ಮ ನಡುವಿನ ಒಪ್ಪಂದ. ಈ ಪ್ರಕರಣದ ಬೇರು ಈ ಒಪ್ಪಂದದಲ್ಲಿಯೇ ಇತ್ತು ಎಂದು ಈಗ ಅನಿಸುತ್ತದೆ.

ಕೆಲಸ ಬಂದದ್ದು ಬೆಂಗಳೂರಿನ ಒಬ್ಬ ಸಂಗ್ರಾಹಕರಿಂದ. ಮಾದರಿ ಕುದುರೆಗಳನ್ನು ಕೂಡಿಡುವುದು ಹೊರದೇಶಗಳಲ್ಲಿ ದೊಡ್ಡ ಹವ್ಯಾಸ. ಅಮೆರಿಕದ ಬ್ರೆಯರ್ ಕಂಪನಿ 1950ರಲ್ಲಿ ಒಂದು ಗಡಿಯಾರದ ಅಲಂಕಾರಕ್ಕೆಂದು ಮಾಡಿದ ಪ್ಲಾಸ್ಟಿಕ್ ಕುದುರೆ ಜನರಿಗೆ ಗಡಿಯಾರಕ್ಕಿಂತ ಹೆಚ್ಚು ಹಿಡಿಸಿತು, ಅಲ್ಲಿಂದ ಆ ಕಂಪನಿ ಕುದುರೆಗಳ ಕಂಪನಿಯೇ ಆಯಿತು. ಕಾರ್ಖಾನೆಯ ಪ್ಲಾಸ್ಟಿಕ್ ಸಾಲದು ಎನ್ನುವವರಿಗಾಗಿ ಶಿಲ್ಪಿಗಳು ಕೈಯಲ್ಲಿ ತಿದ್ದಿ, ರೆಸಿನ್‌ನಲ್ಲಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ಪ್ಲಾಸ್ಟಿಕ್) ಎರಕ ಹೊಯ್ದು, ಲೆಕ್ಕದ ಪ್ರತಿಗಳನ್ನು ಮಾತ್ರ ಮಾರುತ್ತಾರೆ. ಈ ಹವ್ಯಾಸಿಗಳು ಪ್ರದರ್ಶನಗಳನ್ನು ನಡೆಸುತ್ತಾರೆ, ತೀರ್ಪುಗಾರರು ಕುದುರೆಯ ಕೀಲು, ಸ್ನಾಯು, ತಳಿಯ ಲಕ್ಷಣ ಎಲ್ಲವನ್ನೂ ಜೀವಂತ ಕುದುರೆಗೆ ಹೋಲಿಸಿ ನೋಡುತ್ತಾರೆ. ನಮ್ಮ ಸಂಗ್ರಾಹಕರಿಗೆ ಬೇಕಾಗಿದ್ದುದು 1:9 ಅಳತೆಯ, ರಾಜಸ್ಥಾನದ ಮಾರ್ವಾರಿ ತಳಿಯ ಒಂದು ಹೆಣ್ಣು ಕುದುರೆ, ಇಪ್ಪತ್ತು ಪ್ರತಿ. ಅದು ಟ್ರಾಟ್ ಹೆಜ್ಜೆಯಲ್ಲಿರಬೇಕು. ಕೆಳಗೆ ಪೀಠ ಬೇಡ, ತನ್ನ ಎರಡು ಕಾಲಿನ ಮೇಲೆಯೇ ನಿಲ್ಲಬೇಕು.

ಟ್ರಾಟ್ ಎಂದರೆ ಎರಡು ತಾಳದ ಓಟ. ಎದುರುಬದಿರಿನ ಕಾಲುಗಳು ಜೋಡಿಯಾಗಿ ಏಳುತ್ತವೆ, ಜೋಡಿಯಾಗಿ ಬೀಳುತ್ತವೆ: ಬಲ ಮುಂಗಾಲಿನೊಂದಿಗೆ ಎಡ ಹಿಂಗಾಲು, ಎಡ ಮುಂಗಾಲಿನೊಂದಿಗೆ ಬಲ ಹಿಂಗಾಲು. ಹಾಗಾಗಿ ಮೂರ್ತಿ ನಿಲ್ಲುವುದು ಎರಡು ಗೊರಸಿನ ಮೇಲೆ. ಊರೂರಿನ ವೃತ್ತಗಳಲ್ಲಿ ಕುದುರೆಯೇರಿದ ವೀರರ ಪ್ರತಿಮೆಗಳನ್ನು ನೋಡಿದ್ದೀರಲ್ಲ, ಅಲ್ಲಿ ಬಾಲವನ್ನು ನೆಲಕ್ಕಿಳಿಸಿ ಮೂರನೆಯ ಕಾಲು ಮಾಡಿಕೊಂಡಿರುವುದೂ ಉಂಟು, ಕಾಲಿನ ನಳಿಗಳನ್ನು ತೊಲೆಯಷ್ಟು ದಪ್ಪ ಮಾಡಿರುವುದೂ ಉಂಟು. ನಮಗೆ ಎರಡಕ್ಕೂ ಅನುಮತಿ ಇರಲಿಲ್ಲ. ಹದಿನೈದು ಹಿಡಿಯ ಕುದುರೆ ಎಂದರೆ ಹೆಗಲಿನ ಬಳಿ 152 ಸೆಂ.ಮೀ. ಎತ್ತರ, ಒಂಬತ್ತರಿಂದ ಭಾಗಿಸಿದರೆ 17 ಸೆಂ.ಮೀ.ಗೆ ಕೂದಲೆಳೆ ಕಡಿಮೆ. ಅಂಥ ಕುದುರೆಯ ಮುಂಗಾಲಿನ ನಳಿಯ ಸುತ್ತಳತೆ 19 ಸೆಂ.ಮೀ. ಎಂದಿಟ್ಟುಕೊಂಡರೆ ಮಾದರಿಯಲ್ಲಿ ಅದರ ದಪ್ಪ 7 ಮಿ.ಮೀ.ಗಿಂತ ಕಡಿಮೆ. ಶಾಲೆಯ ಪೆನ್ಸಿಲ್ಲಿನಷ್ಟು.

ಮಣ್ಣಿನ ಕೆಲಸ

ಅಕ್ಕನ ಮಗ ಮೊದಲು ಕಾಗದದ ಮೇಲೆ ಎಲುಬುಗೂಡನ್ನು ಬರೆದ. ಕುದುರೆಗೆ ಸುಮಾರು 205 ಎಲುಬು, ಹದಿನೆಂಟು ಜೊತೆ ಪಕ್ಕೆಲುಬು. ಕತ್ತಿನಲ್ಲಿ ನಮ್ಮ ಹಾಗೆಯೇ ಏಳು ಮಣಿ, ಆದರೆ ಅವು ಜೂಲಿನ ಅಂಚಿನಲ್ಲಿ ಸಾಗದೆ ಕತ್ತಿನ ನಡುವಿಗೆ ಇಳಿದು ಎದೆಗೆ ಸೇರುತ್ತವೆ. ಇದನ್ನರಿಯದೆ ಕತ್ತು ಬಗ್ಗಿಸಿದರೆ ರಬ್ಬರ್ ಕೊಳವೆ ಬಗ್ಗಿಸಿದಂತೆ ಕಾಣುತ್ತದೆ. ನಾವು ಮುಂಗಾಲಿನ ಮೊಣಕಾಲು ಎನ್ನುವುದು ನಿಜದಲ್ಲಿ ಕುದುರೆಯ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವ ಕೀಲು ಅದರ ಹಿಮ್ಮಡಿ. ಕುದುರೆ ನಡೆಯುವುದು ಕಾಲಿಗೊಂದರಂತೆ ನಾಲ್ಕು ಬೆರಳಿನ ಉಗುರಿನ ಮೇಲೆ. ಇನ್ನೂ ಒಂದು ವಿಷಯ ನನಗೆ ಹೊಸದಾಗಿತ್ತು: ಕುದುರೆಗೆ ಕೊರಳೆಲುಬು ಇಲ್ಲ. ಮುಂಗಾಲುಗಳು ಮೈಗೆ ಎಲುಬಿನಿಂದ ಸೇರಿಲ್ಲ, ಎರಡು ಹೆಗಲೆಲುಬುಗಳ ನಡುವೆ ಎದೆ ಸ್ನಾಯುಗಳ ಜೋಲಿಯಲ್ಲಿ ತೂಗುತ್ತದೆ. ಹೀಗಾಗಿ ಒಂದು ಮುಂಗಾಲು ಎತ್ತಿದಾಗ ಆ ಹೆಗಲು ಜಾರುತ್ತದೆ, ಎದೆಯ ಮುಂಭಾಗದ ರೇಖೆ ಬದಲಾಗುತ್ತದೆ. ನಮ್ಮ ಹುಡುಗ ಇದನ್ನು ಚೆನ್ನಾಗಿ ಹಿಡಿದಿದ್ದ. ಇಂದಿಗೂ ಆ ಎದೆ ನೋಡಿದರೆ ನನಗೆ ತೃಪ್ತಿ.

ಅಳತೆಗೆ ಅವನು ತಲೆಯನ್ನೇ ಮಾನವಾಗಿ ಇಟ್ಟುಕೊಂಡ. ಕುದುರೆಯ ತಲೆಯ ಉದ್ದದ ಎರಡೂವರೆ ಪಟ್ಟು ಹೆಗಲ ಎತ್ತರ, ಹೆಚ್ಚುಕಡಿಮೆ ಅಷ್ಟೇ ಮೈಯುದ್ದ. ಕ್ಯಾಲಿಪರ್ ಹಿಡಿದು ಮತ್ತೆ ಮತ್ತೆ ತಾಳೆ ನೋಡುತ್ತಿದ್ದ.

ಹಂದರಕ್ಕೆ 3 ಮಿ.ಮೀ. ಅಲ್ಯುಮಿನಿಯಂ ತಂತಿ. ಅದರ ಹೊಟ್ಟೆಗೆ ಒಂದು ಕಬ್ಬಿಣದ ಸರಳು, ಸರಳಿನ ಕೆಳಗೆ ಮರದ ಹಲಗೆ. ಮೈಗೆಲ್ಲ ಎಣ್ಣೆ ಮಣ್ಣು. ಕಾಲುಗಳಿಗೆ ಮಾತ್ರ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ, ಯಾಕೆಂದರೆ ಪೆನ್ಸಿಲ್ ದಪ್ಪದ ಎಣ್ಣೆ ಮಣ್ಣು ನಮ್ಮೂರ ಬಿಸಿಲಿಗೆ ಬೆಣ್ಣೆಯಂತಾಗುತ್ತದೆ. (ದೋಸೆಗೆ ಒಳ್ಳೆಯದು, ಕುದುರೆಗೆ ಅಲ್ಲ.) ಮಾರ್ವಾರಿ ಎಂದ ಮೇಲೆ ಕಿವಿಗಳೇ ಅದರ ಗುರುತು: ತುದಿಗಳು ಒಳಕ್ಕೆ ಬಾಗಿ ಒಂದಕ್ಕೊಂದು ಮುಟ್ಟುವಂತಿರಬೇಕು. ಕಿವಿಗಳನ್ನೇ ನಾಲ್ಕು ಸಲ ಕಿತ್ತು ಮಾಡಿದ. ಕೊನೆಗೆ ತಲೆಯನ್ನು ಕೊಂಚ ಎಡಕ್ಕೆ ತಿರುಗಿಸಿದ, ಯಾರೋ ಕರೆದದ್ದು ಕೇಳಿಸಿದ ಹಾಗೆ. ಆ ತಿರುವಿನಿಂದಲೇ ಕುದುರೆಗೆ ಜೀವ ಬಂತು. ನಾನೂ ಹೊಗಳಿದೆ.

ಆಗ ಗಮನಕ್ಕೆ ಬಾರದೆ ಹೋದದ್ದು ಆ ಕಬ್ಬಿಣದ ಸರಳು. ಆರು ವಾರಗಳ ಕಾಲ ಕುದುರೆಯ ಅಷ್ಟೂ ಭಾರವನ್ನು ಹೊಟ್ಟೆಯ ಕೆಳಗಿನ ಸರಳೇ ಹೊತ್ತಿತ್ತು. ಗೊರಸುಗಳು ಹಲಗೆಗೆ ತಾಗಿದ್ದವು ಅಷ್ಟೇ. ಮಣ್ಣಿನ ಕುದುರೆ ಒಂದು ಗಳಿಗೆಯೂ ತನ್ನ ಕಾಲ ಮೇಲೆ ನಿಂತಿರಲಿಲ್ಲ.

ಅಚ್ಚು ಮತ್ತು ಮೊದಲ ಹನ್ನೊಂದು

ಮಣ್ಣಿನ ಮೂಲದಿಂದ ಒಂದು ಸಿಲಿಕೋನ್ ಅಚ್ಚು ತೆಗೆದೆ. ಅಚ್ಚು ಬಿಡಿಸುವಾಗ ಮಣ್ಣು ಹರಿದು ಹಾಳಾಗುತ್ತದೆ, ಅದು ಮೊದಲೇ ಗೊತ್ತಿರುವ ನಷ್ಟ. ಆ ಅಚ್ಚಿನಲ್ಲಿ ಒಂದೇ ಒಂದು ರೆಸಿನ್ ಪ್ರತಿ ಎರೆದು, ಮರಳು ಕಾಗದದಿಂದ ತಿಕ್ಕಿ, ಮೂಗಿನ ಹೊಳ್ಳೆ, ರಕ್ತನಾಳ, ಗೊರಸಿನ ಉಂಗುರಗಳನ್ನು ಸೂಕ್ಷ್ಮವಾಗಿ ತಿದ್ದಿ ಅದನ್ನು ಮಾತೃಪ್ರತಿ ಮಾಡಿಕೊಂಡೆವು. ಮುಂದಿನ ಅಚ್ಚು, ಅಂದರೆ ಇಪ್ಪತ್ತು ಪ್ರತಿಗಳ ಅಚ್ಚು, ಅದರಿಂದ.

ಸಿಲಿಕೋನ್‌ನಲ್ಲಿ ಎರಡು ಜಾತಿ. ತವರದ ಸಂಯುಕ್ತದಿಂದ ಹೆಪ್ಪುಗಟ್ಟುವುದು ಅಗ್ಗ, ಹಟವಿಲ್ಲದ್ದು, ಆದರೆ ದಿನ ಕಳೆದಂತೆ ತುಸು ಕುಗ್ಗುತ್ತದೆ. ಪ್ಲಾಟಿನಂನಿಂದ ಹೆಪ್ಪುಗಟ್ಟುವುದು ಅಳತೆ ಕೆಡದೆ ಉಳಿಯುತ್ತದೆ, ಆದರೆ ಮಡಿವಂತ. ಗಂಧಕ ಸೋಂಕಿದರೆ ಸಾಕು, ತಾಗಿದ ಕಡೆ ಹೆಪ್ಪುಗಟ್ಟದೆ ಅಂಟಂಟಾಗಿ ಉಳಿಯುತ್ತದೆ. ಎಣ್ಣೆ ಮಣ್ಣುಗಳಲ್ಲಿ ಅನೇಕವು ಗಂಧಕ ಬೆರೆತವು. ಆದ್ದರಿಂದ ಮಣ್ಣಿಗೆ ಮೊದಲ ಜಾತಿಯದನ್ನೇ ಬಳಸಿದೆ. ಎರಡನೆಯ ಅಚ್ಚಿಗೂ ಅದೇ. ಎರಡು ಹೋಳಿನ ಅಚ್ಚು, ಹೊರಗೆ ಫೈಬರ್ ಕವಚ. ಕುದುರೆ ತಲೆಕೆಳಗು, ಹೊಟ್ಟೆಯ ಕಡೆಯಿಂದ ಹೊಯ್ಯುವ ಬಾಯಿ, ಪ್ರತಿ ಗೊರಸಿನಡಿಗೂ ಒಂದು ಗಾಳಿಗಂಡಿ. ಎತ್ತಿ ಮಡಚಿದ ಮುಂಗಾಲಿನ ಸಂದಿನಲ್ಲಿ ಗಾಳಿ ಸಿಕ್ಕಿ ಗುಳ್ಳೆ ಬೀಳುತ್ತಿತ್ತು. ಅಲ್ಲಿಗೆ ಇನ್ನೊಂದು ಗಂಡಿ ಕೊರೆದ ಮೇಲೆ ಸರಿಹೋಯಿತು.

ಮಾರ್ಚ್ ಮೂರನೆಯ ವಾರದಿಂದ ಪಾಲಿಯುರಿಥೇನ್ ರೆಸಿನ್ ಎರೆಯತೊಡಗಿದೆ. ಪ್ರತಿಯೊಂದೂ ಒಳಗೆ ಗಟ್ಟಿ, ತೂಕ ಅರ್ಧ ಕೆ.ಜಿ.ಗಿಂತ ಸ್ವಲ್ಪ ಹೆಚ್ಚು. ಹನ್ನೊಂದು ಆದವು, ಹನ್ನೊಂದೂ ನಿಂತವು. ಇಷ್ಟು ಹೊತ್ತಿಗೆ ಬಿಸಿಲು ಏರಿತು.

ತಪ್ಪು ದಾರಿ

ನನ್ನ ಮೊದಲ ಅನುಮಾನ ರೆಸಿನ್ ಮೇಲೆ. ಎರಡು ಭಾಗಗಳ ಪ್ರಮಾಣದಲ್ಲಿ ಹೆಚ್ಚುಕಡಿಮೆಯಾದರೆ ಎರಕ ಪೂರ್ತಿ ಗಟ್ಟಿಯಾಗುವುದಿಲ್ಲ. ನಾನು ಲೋಟದಲ್ಲಿ ಸಮಸಮ ಅಳೆದು ಬೆರೆಸುತ್ತಿದ್ದೆ, ಡಬ್ಬಿಯ ಮೇಲಿನ ಸೂಚನೆ ಮಾತ್ರ ತೂಕದ ಲೆಕ್ಕದಲ್ಲಿತ್ತು. ಎರಡು ದ್ರವಗಳ ಸಾಂದ್ರತೆ ಬೇರೆಯಾದ್ದರಿಂದ ಇವೆರಡೂ ಒಂದೇ ಅಲ್ಲ. ಸಿಕ್ಕಿಬಿದ್ದೆ ಎಂದುಕೊಂಡು, ಅಕ್ಕಸಾಲಿಗರ ಬಳಿ ಇರುವಂಥ ಸಣ್ಣ ತಕ್ಕಡಿ ತಂದು, ಕರಾರುವಾಕ್ಕಾಗಿ ತೂಗಿ ಹೊಸ ಮಿಶ್ರಣ ಮಾಡಿದೆ. ಹಳೆಯ ಲೆಕ್ಕದ ಆರು ಕಡ್ಡಿ, ಹೊಸ ಲೆಕ್ಕದ ಆರು ಕಡ್ಡಿ, ಎಲ್ಲವೂ 7 ಮಿ.ಮೀ. ದಪ್ಪ. ಒಂದು ತುದಿಯನ್ನು ಮೇಜಿನಂಚಿಗೆ ಬಿಗಿದು ಇನ್ನೊಂದು ತುದಿಗೆ ನಟ್ಟುಗಳ ಗೊಂಚಲು ತೂಗುಹಾಕಿದೆ.

ಮೊದಲ ರಾತ್ರಿ ಏನೂ ಆಗಲಿಲ್ಲ. ಮರುದಿನ ಮಧ್ಯಾಹ್ನ ಮೂರಕ್ಕೆ ಹನ್ನೆರಡೂ ಕಡ್ಡಿಗಳು ಹೆಚ್ಚುಕಡಿಮೆ ಸಮನಾಗಿ ಜೋತಿದ್ದವು. ಷೆಡ್ಡಿನ ತಗಡಿನ ಕೆಳಗೆ ತೂಗುಹಾಕಿದ ತಾಪಮಾಪಕ 46 ಡಿಗ್ರಿ ತೋರಿಸುತ್ತಿತ್ತು. ತೂಕವಿಲ್ಲದೆ ಪಕ್ಕದಲ್ಲಿ ಮಲಗಿಸಿದ್ದ ಕಡ್ಡಿಗಳು ನೆಟ್ಟಗೇ ಇದ್ದವು. ಮಿಶ್ರಣದ ತಪ್ಪು ಅಲ್ಲ ಎಂಬುದು ಅಲ್ಲಿಗೆ ಇತ್ಯರ್ಥವಾಯಿತು. ಸಾಮಾನ್ಯ ಎರಕದ ರೆಸಿನ್ 50 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗತೊಡಗುತ್ತದೆ. ಶನಿವಾರ ಸಂಜೆ ಕಿಟಕಿ ಮುಚ್ಚಿ ಹೋಗಿದ್ದೆವು. ಭಾನುವಾರ ಇಡೀ ದಿನ ಷೆಡ್ಡು ಮಂಡಕ್ಕಿ ಭಟ್ಟಿಯಾಗಿತ್ತು.

ಹಾಗಾದರೆ ಬಿಸಿಲೇ ಅಪರಾಧಿ ಎಂದು ಕಡತ ಮುಚ್ಚಬಹುದಿತ್ತು. ನಾನು ಮುಚ್ಚಿಯೂ ಇದ್ದೆ. ಅಕ್ಕನ ಮಗ ಕೇಳಿದ ಪ್ರಶ್ನೆ ಅದನ್ನು ಮತ್ತೆ ತೆರೆಯಿತು.

“ಮಾವ, ಬಿಸಿಲು ನಾಲ್ಕೂ ದಿಕ್ಕಿನಿಂದ ಇತ್ತು. ಹನ್ನೊಂದೂ ಎಡಕ್ಕೇ ಏಕೆ ವಾಲಿದವು?”

ತೂಗುದಾರ

ಲೆಕ್ಕಕ್ಕೆ ಕುಳಿತರೆ ವಿಷಯ ವಿಚಿತ್ರವಾಗಿದೆ. ಒಂಬತ್ತನೆಯ ಒಂದು ಅಳತೆಗೆ ಇಳಿಸಿದಾಗ ಕುದುರೆಯ ತೂಕ 729 ಪಟ್ಟು ಇಳಿಯುತ್ತದೆ, ಕಾಲಿನ ಅಡ್ಡಕೊಯ್ತದ ವಿಸ್ತೀರ್ಣ ಇಳಿಯುವುದು 81 ಪಟ್ಟು ಮಾತ್ರ. ಎಂದರೆ ನಮ್ಮ ಪುಟ್ಟ ಕುದುರೆಯ ಕಾಲಿನ ಮೇಲೆ ಬೀಳುವ ಒತ್ತಡ ಜೀವಂತ ಕುದುರೆಯದರ ಒಂಬತ್ತನೆಯ ಒಂದು ಭಾಗ. ಅದು ಸುಖವಾಗಿ ನಿಲ್ಲಬೇಕು. ರೆಸಿನ್ ಬಿಗಿತ ಎಲುಬಿನ ಹತ್ತನೆಯ ಒಂದರಷ್ಟು ಎಂದು ಹಿಡಿದರೂ ಲೆಕ್ಕ ಸಮಸಮ. ನೆಟ್ಟಗೆ ಕೆಳಗೆ ಒತ್ತುವ ಭಾರಕ್ಕೆ ಕಾಲು ಹೀಗೆ ಬಾಗಬಾರದಿತ್ತು. ಪಕ್ಕಕ್ಕೆ ಎಳೆಯುವ ಏನೋ ಒಂದು ಇರಲೇಬೇಕಿತ್ತು.

ಶಾಲೆಯ ವಿಜ್ಞಾನ ಪಾಠ ನೆನಪಾಯಿತು. ಮಾತೃಪ್ರತಿಯನ್ನು ಹೆಗಲ ಬಳಿ ದಾರ ಕಟ್ಟಿ ತೂಗುಬಿಟ್ಟೆವು, ಪಕ್ಕದಿಂದ ಮತ್ತು ಮುಂದಿನಿಂದ ಫೋಟೊ ತೆಗೆದೆವು. ಆಮೇಲೆ ಬಾಲದ ಬುಡಕ್ಕೆ ಕಟ್ಟಿ ಹಾಗೆಯೇ ಮಾಡಿದೆವು. ಫೋಟೊಗಳಲ್ಲಿ ದಾರದ ಗೆರೆಗಳನ್ನು ಕೆಳಕ್ಕೆ ಎಳೆದರೆ ಅವು ಸಂಧಿಸುವ ಕಡೆ ಗುರುತ್ವ ಕೇಂದ್ರ. ಅಲ್ಲಿಂದ ನೆಲಕ್ಕೆ ಗಾರೆಯವರಂತೆ ತೂಗುಗುಂಡು ಇಳಿಬಿಟ್ಟು, ಊರಿದ ಎರಡು ಗೊರಸುಗಳ ನಡುವೆ ಒಂದು ಗೆರೆ ಎಳೆದೆವು. ಗುಂಡು ಗೆರೆಯ ಮೇಲೆ ಬೀಳಬೇಕಿತ್ತು. ಬಿದ್ದದ್ದು ಎಡಕ್ಕೆ 6 ಮಿ.ಮೀ. ಆಚೆ.

ನಮ್ಮ ಗೊರಸಿನ ಅಗಲ 14 ಮಿ.ಮೀ. ಅದರ ಅರ್ಧ ಏಳು. ಅಂದರೆ ಕುದುರೆ ನಿಂತಿದ್ದುದು ಕೇವಲ ಒಂದು ಮಿಲಿಮೀಟರಿನ ಕೃಪೆಯಿಂದ, ಎರಡೂ ಗೊರಸುಗಳ ಎಡ ಅಂಚಿನ ಮೇಲೆ. ಕಾಲುಗಳು ಭಾರವನ್ನು ಹೊರುತ್ತಿರಲಿಲ್ಲ, ಬೀಳುವ ಕುದುರೆಯನ್ನು ಹಿಡಿದುಕೊಂಡಿದ್ದವು. ತಂಪಿನಲ್ಲಿ ಆ ಹಿಡಿತ ಸಾಕಾಯಿತು. ಸೆಕೆಯಲ್ಲಿ ರೆಸಿನ್ ಒಂದಿಷ್ಟು ಬಾಗಿದೊಡನೆ ಕೇಂದ್ರ ಇನ್ನಷ್ಟು ಎಡಕ್ಕೆ ಸರಿಯಿತು, ಸರಿದದ್ದರಿಂದ ಇನ್ನಷ್ಟು ಬಾಗಿತು.

ಎಡಕ್ಕೆ ತಿರುಗಿಸಿದ ಆ ತಲೆ! ತಲೆ ಮತ್ತು ಕತ್ತು ಸೇರಿದರೆ ಕಡಿಮೆ ಭಾರವೇನಲ್ಲ, ಎಲ್ಲವೂ ಗಟ್ಟಿ ರೆಸಿನ್. ಹುಡುಗನ ಮುಖ ಬಾಡಿತು. ಆದರೆ ತಿರುವನ್ನು ಲೆಕ್ಕಕ್ಕೆ ತೆಗೆದುಕೊಂಡು ಅಳೆದಾಗ ಅದರಿಂದ ಬಂದದ್ದು ಸುಮಾರು ಮೂರೂವರೆ ಮಿಲಿಮೀಟರ್. ಉಳಿದ ಎರಡೂವರೆ ಎಲ್ಲಿಂದ ಬಂತು?

ಚಾಚಾ ನೋಡಿದ್ದು

ಅದನ್ನು ಹೇಳಿದವರು ಮದುವೆ ಮೆರವಣಿಗೆಗೆ ಕುದುರೆ ಕೊಡುವ ಒಬ್ಬ ಹಿರಿಯರು. ಜಟಕಾ ಓಡಿಸುತ್ತಿದ್ದವರ ಮನೆತನ, ಲಾಳ ಕಟ್ಟುವುದೂ ಗೊತ್ತು. ನಾವು ಹೋದದ್ದು ಅವರ ಕುದುರೆಯ ವಿಡಿಯೊ ತೆಗೆಯಲು. ಮಾದರಿಯನ್ನು ಸುಮ್ಮನೆ ಬಟ್ಟೆಯಲ್ಲಿ ಸುತ್ತಿ ಒಯ್ದಿದ್ದೆವು. ಅವರು ಅದನ್ನು ಅಂಗೈ ಮೇಲೆ ಇಟ್ಟುಕೊಂಡು, ಕನ್ನಡಕ ಹಣೆಗೇರಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಕಿವಿ ನೋಡಿ ನಕ್ಕರು. ಎದೆಯನ್ನು ಹೆಬ್ಬೆರಳಿನಿಂದ ಸವರಿದರು. ಕಾಲಿಗೆ ಬಂದಾಗ ಸುಮ್ಮನಾದರು.

“ಇದು ದುಲ್ಕಿ ತಾನೆ?” ಎಂದರು. ಟ್ರಾಟ್‌ಗೆ ಅವರ ಮಾತು ಅದು.

“ಹೌದು ಚಾಚಾ.”

“ಮುಂದಿನ ಕಾಲು ಈಗಿನದು. ಹಿಂದಿನ ಕಾಲು ಆಮೇಲಿನದು. ಎರಡನ್ನೂ ಒಟ್ಟಿಗೆ ಹೇಗೆ ಇಟ್ಟಿರಿ?”

ನನಗೆ ಅರ್ಥವಾಗಲಿಲ್ಲ. ಅಕ್ಕನ ಮಗನಿಗೆ ಆಯಿತು, ಕಿವಿ ಕೆಂಪಾದವು.

ಕುದುರೆಯನ್ನು ಅವರ ಮೊಮ್ಮಗ ಲಗಾಮು ಹಿಡಿದು ಪಕ್ಕದಲ್ಲಿ ಓಡಿಸಿದ. ಮೊಬೈಲಿನಲ್ಲಿ ನಿಧಾನಗತಿಯ ಚಿತ್ರ ತೆಗೆದೆವು, ಸೆಕೆಂಡಿಗೆ 240 ಚೌಕಟ್ಟು. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೈಬ್ರಿಡ್ಜ್ ಎಂಬಾತ ಓಟದ ದಾರಿಯುದ್ದಕ್ಕೂ ಕ್ಯಾಮೆರಾಗಳನ್ನು ಸಾಲಾಗಿಟ್ಟು ಮೊದಲ ಸಲ ಓಡುವ ಕುದುರೆಯ ಹೆಜ್ಜೆಗಳನ್ನು ಬಿಡಿಬಿಡಿಯಾಗಿ ಹಿಡಿದ. ಅಲ್ಲಿಯವರೆಗೆ ಚಿತ್ರಕಾರರು ನಾಗಾಲೋಟದ ಕುದುರೆಯನ್ನು ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿ ಹಾರುವಂತೆ ಬರೆಯುತ್ತಿದ್ದರು. ನಾಲ್ಕೂ ಕಾಲು ನೆಲ ಬಿಡುವುದು ನಿಜ, ಆದರೆ ಆಗ ಅವು ಹೊಟ್ಟೆಯ ಕೆಳಗೆ ಮಡಚಿಕೊಂಡಿರುತ್ತವೆ. ಕಣ್ಣಿಗೆ ಸಿಗದ ಆ ಕ್ಷಣ ಈಗ ಯಾರ ಜೇಬಿನಲ್ಲಿಯೂ ಸಿಗುತ್ತದೆ, ಆದರೂ ನಮ್ಮ ಹುಡುಗ ನೋಡಿ ಮಾಡಿದ್ದು ಎರಡು ಬೇರೆ ಬೇರೆ ಫೋಟೊಗಳನ್ನು. ಮುಂಭಾಗ ಚೆನ್ನಾಗಿ ಕಂಡದ್ದು ಒಂದರಲ್ಲಿ, ಹಿಂಭಾಗ ಚೆನ್ನಾಗಿ ಕಂಡದ್ದು ಇನ್ನೊಂದರಲ್ಲಿ. ಮೊದಲನೆಯದರಲ್ಲಿ ಬಲ ಮುಂಗಾಲು ಭಾರ ಪೂರ್ತಿ ಹೊತ್ತು ನೇರ ನಿಂತ ಹೊತ್ತು. ಎರಡನೆಯದರಲ್ಲಿ ಎಡ ಹಿಂಗಾಲು ನೆಲವನ್ನು ಹಿಂದಕ್ಕೆ ಒದ್ದು ಇನ್ನೇನು ಏಳಬೇಕೆನ್ನುವ ಹೊತ್ತು. ಜೋಡಿ ಕಾಲುಗಳು ಜೊತೆಯಲ್ಲಿ ಊರಿ ಜೊತೆಯಲ್ಲಿ ಏಳಬೇಕಾದ ಹೆಜ್ಜೆಯಲ್ಲಿ ನಮ್ಮ ಕುದುರೆಯ ಒಂದು ಕಾಲು ಮುಂಚೆ, ಒಂದು ಕಾಲು ತಡ.

ಉಳಿದ ಎರಡೂವರೆ ಮಿಲಿಮೀಟರ್ ಇದ್ದದ್ದು ಇಲ್ಲಿ. ಎಡ ಹಿಂಗೊರಸು ಇರಬೇಕಾದ್ದಕ್ಕಿಂತ ಹಿಂದೆ ಹೋದಾಗ, ಅದನ್ನು ಬಲ ಮುಂಗೊರಸಿಗೆ ಸೇರಿಸುವ ಓರೆ ಗೆರೆ ಮೈಯ ನಡುಭಾಗದಲ್ಲಿ ಬಲಕ್ಕೆ ಸರಿಯುತ್ತದೆ. ಕಾಗದದ ಮೇಲೆ ಎರಡು ಚುಕ್ಕೆ ಇಟ್ಟು ಎಳೆದು ನೋಡಿ, ತಿಳಿಯುತ್ತದೆ. ಗೆರೆ ಬಲಕ್ಕೆ, ತಲೆ ಎಡಕ್ಕೆ.

ಇನ್ನೊಂದು ತಪ್ಪನ್ನೂ ಚಾಚಾ ಬೆರಳಿಟ್ಟು ತೋರಿಸಿದರು. ಗೊರಸಿನ ಮೇಲಿನ ಗಿಣ್ಣು, ಅಂದರೆ ಲಾಳ ಕಟ್ಟುವವರು ಕಾಲನ್ನು ಹಿಡಿದೆತ್ತುವ ಜಾಗ, ಭಾರ ಬಿದ್ದಾಗ ಸ್ಪ್ರಿಂಗಿನಂತೆ ಕೆಳಕ್ಕೆ ಕುಸಿಯುತ್ತದೆ. ಹಿಂದಿನ ಸ್ನಾಯುರಜ್ಜುಗಳು ಅದನ್ನು ತಡೆದು ಹಿಡಿದು ಮತ್ತೆ ಮೇಲಕ್ಕೆ ಚಿಮ್ಮಿಸುತ್ತವೆ. ವಿಡಿಯೊದಲ್ಲಿ ಆ ಕುಸಿತ ಕಂಡಾಗ ನಾನು ಬೆಚ್ಚಿದೆ, ಗಿಣ್ಣು ನೆಲ ಮುಟ್ಟುತ್ತದೇನೋ ಎನ್ನುವಷ್ಟು. ನಮ್ಮ ಮಾದರಿಯಲ್ಲಿ ಊರಿದ ಕಾಲಿನ ಗಿಣ್ಣು ಲಾಯದಲ್ಲಿ ನಿಂತು ಹುಲ್ಲು ತಿನ್ನುವ ಕುದುರೆಯದರಂತೆ ನೆಟ್ಟಗಿತ್ತು. ಓಡುತ್ತಿದ್ದ ಕುದುರೆಯ ಕಾಲಿಗೆ ಭಾರವೇ ಬಿದ್ದಿರಲಿಲ್ಲ. ಸಂಗ್ರಾಹಕರು ಹಿಡಿಯದೆ ಹೋಗಿದ್ದರೆ ಅವರ ತೀರ್ಪುಗಾರರು ಹಿಡಿಯುತ್ತಿದ್ದರು.

ಗರಗಸ

ಮಣ್ಣು ಎಂದೋ ಹೋಗಿತ್ತು. ಉಳಿದದ್ದು ಮಾತೃಪ್ರತಿ ಒಂದೇ. ಹಂದರದಿಂದ ಮತ್ತೆ ಶುರು ಮಾಡುವುದು ಒಂದು ದಾರಿ, ಇರುವುದನ್ನೇ ಕೊಯ್ಯುವುದು ಇನ್ನೊಂದು. ಬಾಲವನ್ನು ನೆಲಕ್ಕಿಳಿಸಿ ಆಸರೆ ಕೊಡೋಣ ಎಂದು ಮೂರನೆಯ ದಾರಿಯನ್ನು ನಾನು ಹೇಳಿದೆ. ಅಕ್ಕನ ಮಗ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಓಡುವ ಮಾರ್ವಾರಿಯ ಬಾಲ ಏಳುತ್ತದೆ, ಇಳಿಯುವುದಿಲ್ಲ.

ಸಂಗ್ರಾಹಕರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆವು, ಮುಂಗಡ ವಾಪಸು ಕೊಡುತ್ತೇವೆ ಎಂದೂ ಹೇಳಿದೆವು. ಅವರು ಮುಂಗಡ ಕೇಳಲಿಲ್ಲ, ವಿಡಿಯೊ ಕಳಿಸಿ ಎಂದರು. ನೋಡಿ, ಜುಲೈ ಕೊನೆಯವರೆಗೆ ಸಮಯ ಕೊಟ್ಟರು.

ಎಡ ಹಿಂಗಾಲನ್ನು ತೊಡೆಯ ನಡುವೆ ಸಣ್ಣ ಗರಗಸದಿಂದ ಕೊಯ್ದದ್ದು ನಾನು. ಅವನು ಹೊರಗೆ ಹೋಗಿ ನಿಂತಿದ್ದ. ಎರಡೂ ಕಡೆ ರಂಧ್ರ ಕೊರೆದು 2 ಮಿ.ಮೀ. ತಂತಿ ಇಟ್ಟು, ಗೊರಸು 25 ಮಿ.ಮೀ. ಮುಂದಕ್ಕೆ ಬರುವಂತೆ ಕಾಲನ್ನು ಕೂರಿಸಿದೆವು. ಕಾಲೊಂದನ್ನು ಸರಿಸಿ ಸುಮ್ಮನಿರಲು ಕುದುರೆ ಕುರ್ಚಿಯಲ್ಲ. ಕಾಲು ಮುಂದೆ ಬಂದರೆ ಸೊಂಟದ ಕೋನ ಬದಲಾಗಬೇಕು, ತೊಡೆಯ ಹಿಂದಿನ ಸ್ನಾಯು ಬಿಗಿಯಬೇಕು, ಹೊಟ್ಟೆಯ ಪಕ್ಕದ ಮಡಿಕೆ ಸಡಿಲಗೊಳ್ಳಬೇಕು. ಎತ್ತಿದ ಬಲ ಹಿಂಗಾಲೂ ಅದೇ ಹೊತ್ತಿಗೆ ಹೊಂದಬೇಕು, ಅದನ್ನೂ ಕೊಯ್ಯಬೇಕಾಯಿತು. ಎಪಾಕ್ಸಿ ಪುಟ್ಟಿ ತುಂಬಿ ತಿದ್ದಿ ತಿಕ್ಕುವುದಕ್ಕೆ ಹತ್ತೊಂಬತ್ತು ದಿನ. ಆ ದಿನಗಳಲ್ಲಿ ಫೋನಿನ ವಿಡಿಯೊ ಒಂದೇ ಚೌಕಟ್ಟಿನಲ್ಲಿ ನಿಂತು ಅವನ ಎದುರಿಗಿತ್ತು. ಎರಡನೆಯ ಫೋಟೊ ಮೇಜಿನ ಮೇಲೆ ಬರಲೇ ಇಲ್ಲ.

ಕತ್ತಿನ ವಿಷಯಕ್ಕೆ ನಮ್ಮಲ್ಲಿ ಜಗಳವಾಯಿತು. ತಲೆಯನ್ನು ನೇರ ಮಾಡಿದರೆ ಸಮಸ್ಯೆಯೇ ಇಲ್ಲ ಎಂದು ನಾನು. ನೇರ ಮಾಡಿದರೆ ಕುದುರೆಯೇ ಇಲ್ಲ ಎಂದು ಅವನು. ಎರಡು ದಿನ ಮಾತಿಲ್ಲ. ಅಕ್ಕ ಬಂದು ಇಬ್ಬರಿಗೂ ಬೈದ ಮೇಲೆ ಅರ್ಧ ತಿರುವಿಗೆ ರಾಜಿಯಾಯಿತು. ಗಂಟಲಿನ ಬಳಿ ಸಣ್ಣ ಬೆಣೆಯಷ್ಟು ತೆಗೆದು ಕೂಡಿಸಿದೆವು. ಅವನು ಹೇಳಿದ್ದೇ ಸರಿ ಎಂದು ಈಗ ಒಪ್ಪುತ್ತೇನೆ. ಕರೆ ಕೇಳಿಸಿದ ಭಾವ ಉಳಿದಿದೆ, ಸ್ವಲ್ಪ ದೂರದಿಂದ ಕರೆದಂತೆ.

ಮತ್ತೆ ದಾರ ಕಟ್ಟಿ ತೂಗಿದೆವು. ಗುಂಡು ಗೆರೆಯಿಂದ ಎರಡೂವರೆ ಮಿಲಿಮೀಟರ್ ದೂರದಲ್ಲಿ ಬಿತ್ತು. ಸೊನ್ನೆಗೆ ತರಲು ಆಗಲಿಲ್ಲ. ಓಡುವ ಕುದುರೆ ನಿಂತ ಮೇಜಲ್ಲ, ಅದರ ಸಮತೋಲ ಮುಂದಿನ ಹೆಜ್ಜೆಯಲ್ಲಿರುತ್ತದೆ, ಅದನ್ನು ನಿಲ್ಲಿಸಿದಾಗ ಇಷ್ಟಾದರೂ ಬಾಕಿ ಉಳಿಯುತ್ತದೆ. ಆ ಬಾಕಿಗೆ ನನ್ನ ಉತ್ತರ ತಂತಿ. ಊರುವ ಎರಡು ಕಾಲುಗಳಲ್ಲಿ ಗೊರಸಿನಿಂದ ಹೊಟ್ಟೆಯವರೆಗೆ ಎರಡೂವರೆ ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ತಂತಿಯನ್ನು, ಕೀಲುಗಳ ಕೋನಕ್ಕೆ ಬಗ್ಗಿಸಿ, ಎರಕಕ್ಕೆ ಮುಂಚೆಯೇ ಅಚ್ಚಿನೊಳಗೆ ಇಡುವುದು. ತಂತಿ ಗೋಡೆಗೆ ತಾಗದಂತೆ ರೆಸಿನ್ನಿನದೇ ಅಕ್ಕಿ ಕಾಳಿನಷ್ಟು ತುಣುಕುಗಳನ್ನು ಅಂಟಿಸಿದೆ. ಲೆಕ್ಕದಲ್ಲಿ ಕಾಲಿನ ಬಿಗಿತ ಮೂರು ಪಟ್ಟಿಗೂ ಹೆಚ್ಚಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಉಕ್ಕು 46 ಡಿಗ್ರಿಗೆ ಮೆತ್ತಗಾಗುವುದಿಲ್ಲ. ಇದನ್ನು ಮೊದಲ ಸಲವೇ ಮಾಡಬಹುದಿತ್ತಲ್ಲ ಎಂದರೆ, ಮಾಡಬಹುದಿತ್ತು. ಆಗ ಕುದುರೆ ವಾಲುತ್ತಿರಲಿಲ್ಲ, ಹಿಂಗಾಲಿನ ತಪ್ಪು ಇಪ್ಪತ್ತು ಪ್ರತಿಗಳಲ್ಲಿಯೂ ಗಟ್ಟಿಯಾಗಿ ನಿಂತಿರುತ್ತಿತ್ತು.

ತಿದ್ದಿದ ಮಾತೃಪ್ರತಿಯಿಂದ ಹೊಸ ಅಚ್ಚು ತೆಗೆದದ್ದು ಜೂನ್‌ನಲ್ಲಿ. ಮಳೆಗಾಲ ಇನ್ನೊಂದು ಪಾಠ ಕಲಿಸಿತು: ತೆರೆದಿಟ್ಟ ಪಾಲಿಯುರಿಥೇನ್ ಡಬ್ಬಿ ಗಾಳಿಯ ತೇವ ಹೀರಿಕೊಂಡರೆ ಎರಕ ಒಳಗೊಳಗೇ ನೊರೆಯುಬ್ಬುತ್ತದೆ. ಮೂರು ಪ್ರತಿಗಳ ಬೆನ್ನು ರವೆ ಇಡ್ಲಿಯಂತಾಯಿತು. ಸಣ್ಣ ಡಬ್ಬಿಗಳಲ್ಲಿ ತರಿಸಿ, ತೆರೆದ ದಿನವೇ ಮುಗಿಸುವ ಪದ್ಧತಿ ಮಾಡಿಕೊಂಡೆ. ಒಟ್ಟು ಇಪ್ಪತ್ತೇಳು ಸಲ ಎರೆದು ಇಪ್ಪತ್ತೊಂದು ಒಳ್ಳೆಯ ಪ್ರತಿ ಸಿಕ್ಕವು.

ಜೂನ್‌ನಲ್ಲಿ ಏಪ್ರಿಲ್‌ನ ಬಿಸಿಲನ್ನು ಎಲ್ಲಿಂದ ತರುವುದು? ಥರ್ಮೋಕೋಲ್ ಪೆಟ್ಟಿಗೆಗೆ ಬಲ್ಬು ಇಳಿಬಿಟ್ಟು, 48 ಡಿಗ್ರಿಯ ಆಚೀಚೆ ನಿಲ್ಲುವಂತೆ ಮುಚ್ಚಳ ಸರಿಸಿ, ಒಂದು ಕುದುರೆಯನ್ನು ಐದು ಹಗಲು ಐದು ರಾತ್ರಿ ಒಳಗೆ ನಿಲ್ಲಿಸಿದೆವು. ಹೆಗಲಿಗೆ ಎದುರಾಗಿ ಗೋಡೆಯ ಮೇಲೆ ಪೆನ್ಸಿಲ್ ಗುರುತು. ಆರನೆಯ ದಿನ ತೆಗೆದಾಗ ಗುರುತಿನಿಂದ ಅರ್ಧ ಮಿಲಿಮೀಟರ್ ಸರಿದಿತ್ತೋ ಇಲ್ಲವೋ ಎಂದು ಇಬ್ಬರೂ ವಾದ ಮಾಡಿದೆವು. ಅಳತೆಪಟ್ಟಿಗೆ ನಿಲುಕುವಷ್ಟು ಸರಿದಿರಲಿಲ್ಲ. ಆ ಪ್ರತಿಯನ್ನು ನಾವೇ ಇಟ್ಟುಕೊಂಡೆವು, ಇಪ್ಪತ್ತು ಬೆಂಗಳೂರಿಗೆ ಹೋದವು. ಹತ್ತೊಂಬತ್ತು ಕ್ಷೇಮವಾಗಿ ತಲುಪಿದವು. ಒಂದರ ಕಿವಿಯ ತುದಿ ದಾರಿಯಲ್ಲಿ ಮುರಿದಿತ್ತು. ಅದಕ್ಕೆ ಪ್ಯಾಕಿಂಗ್ ಮಾಡಿದ ನಾನೇ ಕಾರಣ, ಮಾರ್ವಾರಿ ಕಿವಿಗಳ ನಡುವೆ ಹತ್ತಿ ತುಂಬಬೇಕೆಂದು ಹೊಳೆಯಲಿಲ್ಲ. ಸಂಗ್ರಾಹಕರು ತಾವೇ ಅಂಟಿಸಿಕೊಂಡರು.

ಮೊದಲ ಹನ್ನೊಂದರಲ್ಲಿ ಕೆಲವನ್ನು ಬಿಸಿನೀರಿನಲ್ಲಿ ಅದ್ದಿ, ಕಾಲು ನೆಟ್ಟಗೆ ಮಾಡಿ, ಕೂಡಲೇ ತಣ್ಣೀರಿಗೆ ಹಾಕಿ ಸರಿಪಡಿಸಿದೆ. ಬಾಗಿದ ರೆಸಿನ್‌ಗೆ ಇದು ಒಳ್ಳೆಯ ಉಪಾಯ, ಆದರೆ ಮುಂದಿನ ಬೇಸಿಗೆಯವರೆಗೆ ಮಾತ್ರ. ಅವುಗಳಲ್ಲಿ ಒಂದನ್ನು ಚಾಚಾ ಅವರ ಮೊಮ್ಮಗ ಕೇಳಿ ಪಡೆದ. ಹಿಂಗಾಲಿನ ತಪ್ಪು ಗೊತ್ತಲ್ಲ ಎಂದೆ. ಅವನಿಗೆ ಬೇಕಾಗಿದ್ದುದು ಎಡಕ್ಕೆ ಪೂರ್ತಿ ತಿರುಗಿದ ಆ ತಲೆ.

ಷೆಡ್ಡಿನಲ್ಲಿ ಈಗ ಕಾಠಿಯಾವಾಡಿ ತಳಿಯ ಒಂದು ಕುದುರೆ ಮರಿಯ ಹಂದರ ನಿಂತಿದೆ. ಹೊಟ್ಟೆಯ ಕೆಳಗಿನ ಸರಳಿಗೆ ಅಕ್ಕನ ಮಗ ತಿರುಪು ಹಾಕಿಸಿದ್ದಾನೆ. ವಾರಕ್ಕೊಮ್ಮೆ, ಶನಿವಾರ ಸಂಜೆ ಬೀಗ ಹಾಕುವ ಮುಂಚೆ, ಅದನ್ನು ಬಿಚ್ಚಿ ಕೈ ಬಿಟ್ಟು ನೋಡುತ್ತಾನೆ. ಕಳೆದ ಎರಡು ವಾರ ಮರಿ ಮೂಗು ಮುಗ್ಗರಿಸಿ ಅವನ ಅಂಗೈಗೇ ಬಿದ್ದಿದೆ.